ಸಿಂಪಡಿಸುವ ಮುನ್ನ ಒಂದು ವಾರ

ಮಾಗಿಯ ಚಳಿ ಹತ್ತಿ ಅವರೆ ಹೂ ಬಿಡುವ ಹೊತ್ತಿಗೆ ಬೆಂಗಳೂರಿನ ಸುಬ್ರಹ್ಮಣ್ಯಪುರದ ತಾರಸಿಗಳಿಂದ ಒಂದೇ ಪ್ರಶ್ನೆ ಕೇಳಿಬರುತ್ತದೆ: ಕುಡಿಗೆಲ್ಲ ಕಪ್ಪು ಹೇನು ಮುತ್ತಿದೆ, ಏನು ಹೊಡೆಯಬೇಕು? ನರ್ಸರಿಯಲ್ಲಿ ಕೇಳುವುದೂ ಇದನ್ನೇ, ಗಿಡದ ಫೋಟೊ ಹಾಕಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳುವುದೂ ಇದನ್ನೇ. ಬಂದಿರುವುದು ಏನು, ಅದರ ಹಿಂದೆ ಇನ್ನೇನು ಬಂದಿದೆ ಎಂದು ಕೇಳುವವರು ಕಡಿಮೆ. ಉತ್ತರಹಳ್ಳಿ ಹೋಬಳಿಯ ಈ ಊರಿನ ಸುತ್ತ ರಾಗಿ, ಅವರೆ ಬೆಳೆಯುತ್ತಿದ್ದ ಕಾಲದಲ್ಲಿ ಹುಳುಗಳ ಪರಿಚಯ ಹೊಲದಲ್ಲೇ ಆಗಿಬಿಡುತ್ತಿತ್ತು. ಈಗ ಮೂವತ್ತು-ನಲವತ್ತರ, ಇಪ್ಪತ್ತು-ಮೂವತ್ತರ ಸೈಟುಗಳಲ್ಲಿ ಗೋಡೆಗೆ ಗೋಡೆ ತಾಗಿಕೊಂಡ ಮನೆಗಳು. ತೋಟ ಬೇಕೆಂದವರು ಮಣ್ಣನ್ನು ಮೂಟೆಯಲ್ಲಿ ತರಿಸಿ ಮೂರು ಮಹಡಿ ಹತ್ತಿಸಬೇಕು. ಅಷ್ಟು ಕಷ್ಟಪಟ್ಟು ಬೆಳೆಸಿದ ಗಿಡಕ್ಕೆ ಹುಳು ಬಿದ್ದರೆ ಕೈ ಸ್ಪ್ರೇ ಬಾಟಲಿಗೆ ಹೋಗುವುದು ಸಹಜ. ಆದರೂ ನನ್ನ ವಾದ ಇಷ್ಟು: ಹುಳು ಕಂಡ ಮೇಲೆ ಮೊದಲ ಒಂದು ವಾರ ಏನನ್ನೂ ಹೊಡೆಯಬಾರದು, ನೋಡಬೇಕು, ಆ ನೋಡುವ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಬೇಕು. ಹುಳುವಿನ ಮೇಲೆ ಕರುಣೆ ಬಂದು ಹೇಳುತ್ತಿಲ್ಲ. ಹಾಗೆ ಮಾಡಿದರೆ ಅವರೆಕಾಯಿ ಹೆಚ್ಚು ಸಿಗುತ್ತದೆ, ಅದಕ್ಕೆ.

ಅವರೆ ಕುಡಿಯನ್ನೇ ಹತ್ತಿರದಿಂದ ನೋಡೋಣ. ಮಿರುಗುವ ಕಪ್ಪು ಹೇನುಗಳೆಲ್ಲ ಹೆಚ್ಚುಕಡಿಮೆ ಹೆಣ್ಣುಗಳೇ. ಗಂಡಿನ ನೆರವಿಲ್ಲದೆ, ಮೊಟ್ಟೆಯನ್ನೂ ಇಡದೆ ನೇರವಾಗಿ ಮರಿ ಹಾಕುತ್ತವೆ. ಆ ಮರಿ ಸುಮಾರು ಒಂದು ವಾರದಲ್ಲಿ ತಾನೇ ತಾಯಿಯಾಗುತ್ತದೆ. ಅವು ಹೊರಹಾಕುವ ಸಿಹಿ ಅಂಟಿಗೆ ಇರುವೆಗಳು ಬಂದು ಕಾವಲು ನಿಲ್ಲುತ್ತವೆ. ಇಲ್ಲಿಯವರೆಗಿನದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮೂರು-ನಾಲ್ಕು ದಿನ ಬಿಟ್ಟು ಮತ್ತೆ ನೋಡಿದರೆ ಅದೇ ಕುಡಿಯಲ್ಲಿ ಬೇರೆಯ ಸಂತೆಯೇ ನೆರೆದಿರುತ್ತದೆ. ಎಲೆಯಡಿ ಹಳದಿ ಮೊಟ್ಟೆಗಳ ಸಣ್ಣ ಗೊಂಚಲು ಇದ್ದರೆ ಅದು ಗುಲಗಂಜಿ ಹುಳುವಿನದು. ಅದರ ಮರಿಗೆ ಮಾತ್ರ ತಾಯಿಯ ಚೆಲುವು ಒಂದಿಷ್ಟೂ ಇಲ್ಲ. ಬೂದು ಮೈ, ಬೆನ್ನ ಮೇಲೆ ಮುಳ್ಳುಮುಳ್ಳು, ಕಿತ್ತಳೆ ಚುಕ್ಕೆ, ಮೊಸಳೆಯ ನಡಿಗೆ. ಬೆಳೆದು ಮುಗಿಯುವಷ್ಟರಲ್ಲಿ ಒಂದೊಂದು ಮರಿ ನೂರಾರು ಹೇನು ತಿನ್ನುತ್ತದೆ. ಪಕ್ಕದಲ್ಲೇ ಕಾಲಿಲ್ಲದ, ಹಸಿರು ಛಾಯೆಯ, ಹೊಟ್ಟೆಯೊಳಗಿನದೆಲ್ಲ ಹೊರಗೆ ಕಾಣುವ ಹುಳುವೊಂದು ತಲೆ ಆಡಿಸುತ್ತಾ ಹೇನನ್ನು ಎತ್ತಿ ಹೀರುತ್ತಿದ್ದರೆ ಅದು ಸಿರ್ಫಿಡ್ ನೊಣದ ಮರಿ. ಹೂವಿನ ಮುಂದೆ ಗಾಳಿಯಲ್ಲೇ ನಿಂತಿರುವ, ಜೇನಿನಂತೆ ಪಟ್ಟೆ ತೊಟ್ಟ ನೊಣ ಇದರ ತಾಯಿ. ಕೆಲವು ಹೇನುಗಳು ಉಬ್ಬಿ, ಕಂದಾಗಿ, ಅಲುಗಾಡದೆ ಅಂಟಿಕೊಂಡಿರುತ್ತವೆ. ಬೆನ್ನಲ್ಲಿ ಸೂಜಿ ಕೊರೆದಂಥ ದುಂಡು ತೂತು. ಸಣ್ಣದೊಂದು ಕಣಜ ಒಳಗೆ ಮೊಟ್ಟೆಯಿಟ್ಟು, ಮರಿ ಅದನ್ನು ಒಳಗಿಂದ ತಿಂದು, ಬೆಳೆದು ಹಾರಿಹೋದ ಬಾಗಿಲು ಅದು. ಇಷ್ಟೆಲ್ಲ ಬರುವುದು ಹೇನು ಬಂದ ಮೇಲೆ, ಕೆಲವು ದಿನ ತಡವಾಗಿ. ಉಣ್ಣಲು ಏನೂ ಇಲ್ಲದ ಕಡೆಗೆ ಅವು ಬರುವುದಾದರೂ ಏಕೆ? ಆ ತಡದ ನಡುವೆ ನಾವು ಔಷಧ ಹೊಡೆದರೆ ಹೇನೂ ಸಾಯುತ್ತದೆ, ಈ ಪರಿವಾರವೂ ಸಾಯುತ್ತದೆ. ಉಳಿದ ನಾಲ್ಕು ಹೇನು ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ಮೊಟ್ಟೆಯಿಂದ ಹುಳುವಾಗಲು ಎರಡು-ಮೂರು ವಾರ ಬೇಕಾದ ಗುಲಗಂಜಿ ಆ ವೇಗಕ್ಕೆ ಸರಿಗಟ್ಟಲಾರದು. ಹೊಡೆದಷ್ಟೂ ಹುಳು ಹೆಚ್ಚಾಯಿತು ಎಂಬ ದೂರಿನ ಒಳಗುಟ್ಟು ಇದೇ.

ತೋಟದಲ್ಲಿ ಔಷಧಕ್ಕೆ ಬರವಿಲ್ಲ, ಗುರುತು ಹಿಡಿಯುವುದಕ್ಕೆ ಬರ. ಹಿಟ್ಟುತಿಗಣೆಯಷ್ಟು ಚೆನ್ನಾಗಿ ಇದನ್ನು ತೋರಿಸುವ ಹುಳು ಇನ್ನೊಂದಿಲ್ಲ. ದಾಸವಾಳ, ಸೀಬೆ, ಬದನೆ, ಪರಂಗಿ ಗಿಡಗಳಿಗೆ ಬಿಳಿ ಹಿಟ್ಟು ಮೆತ್ತಿದಂತೆ ಕೂರುವ ಇದನ್ನು ತಿನ್ನುವುದಕ್ಕೆಂದೇ ಇರುವ ಒಂದು ಗುಲಗಂಜಿ ಜಾತಿಯ ಹುಳು ಇದೆ, ಕ್ರಿಪ್ಟೊಲೀಮಸ್. ಮೂಲ ಆಸ್ಟ್ರೇಲಿಯಾದ್ದು, ಕಾಫಿ ಗಿಡದ ಹಸಿರು ಶಲ್ಕಕೀಟ ತಿನ್ನಲಿ ಎಂದು 1898ರಲ್ಲೇ ದಕ್ಷಿಣ ಭಾರತಕ್ಕೆ ತಂದದ್ದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದನ್ನು ಸಾಕಿ, ಬೆಳೆಸಿ ತೋಟಗಳಿಗೆ ಬಿಡುವ ಕೆಲಸವನ್ನು ವರ್ಷಗಟ್ಟಲೆ ಮಾಡಿದೆ. ತಮಾಷೆಯೆಂದರೆ ಈ ಹುಳುವಿನ ಮರಿಯ ಮೈಮೇಲೂ ಬಿಳಿ ಮೇಣದ ಎಳೆಗಳು. ನೋಡಿದವರು ದೊಡ್ಡ ಹಿಟ್ಟುತಿಗಣೆಯೆಂದೇ ತಿಳಿದು ಮೊದಲು ಅದನ್ನೇ ಹೊಸಕಿಹಾಕುತ್ತಾರೆ. ತಿಗಣೆ ನಿಂತಲ್ಲೇ ನಿಂತಿರುತ್ತದೆ, ಮರಿ ಚುರುಕಾಗಿ ಓಡಾಡುತ್ತದೆ, ಅಷ್ಟೇ ಗುರುತು. ಐದು ನಿಮಿಷ ಸುಮ್ಮನೆ ನೋಡಿದವರಿಗೆ ಈ ವ್ಯತ್ಯಾಸ ತಾನಾಗಿ ತಿಳಿಯುತ್ತದೆ, ನೋಡದವರಿಗೆ ಪುಸ್ತಕ ಓದಿದರೂ ತಿಳಿಯುವುದಿಲ್ಲ.

ದೊಡ್ಡ ತೋಟಗಳ ಚರಿತ್ರೆಯೂ ಹೇಳುವುದು ಇದನ್ನೇ. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಹತ್ತಿಯಂತೆ ಮೆತ್ತಿಕೊಳ್ಳುವ ಶಲ್ಕಕೀಟ ಹಾಳುಗೆಡವುತ್ತಿದ್ದಾಗ 1888ರಲ್ಲಿ ಆಲ್ಬರ್ಟ್ ಕೊಬೆಲೆ ಎಂಬಾತ ಆಸ್ಟ್ರೇಲಿಯಾದಿಂದ ವೆಡಾಲಿಯಾ ಎಂಬ ಪುಟ್ಟ ಗುಲಗಂಜಿ ಹುಳುವನ್ನು ಕಳಿಸಿಕೊಟ್ಟ. ಒಂದೆರಡು ವರ್ಷಗಳಲ್ಲಿ ಪಿಡುಗು ಅಡಗಿತು. ಅರ್ಧ ಶತಮಾನ ಕಳೆದು, 1940ರ ದಶಕದ ನಡುವಿನಲ್ಲಿ ಅದೇ ತೋಟಗಳಿಗೆ ಡಿಡಿಟಿ ಬಂತು. ವೆಡಾಲಿಯಾ ಸತ್ತು, ಮರೆತೇಹೋಗಿದ್ದ ಶಲ್ಕಕೀಟ ಮತ್ತೆ ಎದ್ದಿತು. ಅಷ್ಟು ದೂರ ಹೋಗುವುದೂ ಬೇಡ. ಮೆಕ್ಸಿಕೊ ಮೂಲದ ಪರಂಗಿ ಹಿಟ್ಟುತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಒಂದೆರಡು ವರ್ಷಗಳಲ್ಲಿ ಕರ್ನಾಟಕದ ಪರಂಗಿ, ಹಿಪ್ಪುನೇರಳೆ, ಮನೆಯಂಗಳದ ದಾಸವಾಳ ಎಲ್ಲಕ್ಕೂ ಹಬ್ಬಿತು. ರೈತರು ಸಿಕ್ಕ ಔಷಧವನ್ನೆಲ್ಲ ಹೊಡೆದರು. ಮೈಮೇಲಿನ ಮೇಣ ದಾಟಿ ಔಷಧ ಒಳಗಿಳಿಯಲಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೋ 2010ರಲ್ಲಿ ಪೋರ್ಟರಿಕೊದಿಂದ ಮೂರು ಜಾತಿಯ ಪರಾವಲಂಬಿ ಕಣಜಗಳನ್ನು ತರಿಸಿ, ಸಾಕಿ, ಬಿಡುಗಡೆ ಮಾಡಿತು. ಅದರಲ್ಲಿ ಅಸೆರೊಫೇಗಸ್ ಎಂಬ ಒಂದು ಮಿಲಿಮೀಟರಿಗಿಂತ ಚಿಕ್ಕ ಕಣಜವೇ ಹೆಚ್ಚಿನ ಕೆಲಸ ಮುಗಿಸಿತು. ತಿಂಗಳುಗಳಲ್ಲಿ ಪಿಡುಗು ಕುಸಿಯಿತು. ಇಂದು ಹಿತ್ತಲಿನ ಪರಂಗಿ ಮರ ನೆಮ್ಮದಿಯಾಗಿದ್ದರೆ ಆ ಕಣಜದ ವಂಶ ಇನ್ನೂ ಇಲ್ಲೇ ಇರುವುದು ಅದಕ್ಕೊಂದು ಮುಖ್ಯ ಕಾರಣ.

ಸರಿ, ಆದರೆ ಮಕ್ಕಳೇಕೆ? ನೋಡುವುದನ್ನು ದೊಡ್ಡವರೇ ಮಾಡಬಹುದಲ್ಲ? ಒಂದು ಕಾರಣ ಕೇವಲ ಕಣ್ಣಿನದು. ನಲವತ್ತು ದಾಟಿದ ಮೇಲೆ ಹತ್ತಿರದ ನೋಟ ಮಸುಕಾಗುತ್ತದೆ. ಎಂಟು ವರ್ಷದ ಮಗು ಎಲೆಯನ್ನು ಮೂಗಿನ ಹತ್ತಿರ ಹಿಡಿದು ನೋಡಬಲ್ಲದು, ಅಪ್ಪನಿಗೆ ಅದೇ ದೂರದಲ್ಲಿ ಬರೀ ಹಸಿರು ಕಾಣುತ್ತದೆ. ಇನ್ನೊಂದು ಕಾರಣ, ಕಲಿಕೆಯ ದಾರಿಯದು. ಇಂಡೊನೇಷ್ಯಾ 1986ರಲ್ಲಿ ಭತ್ತಕ್ಕೆ ಹೊಡೆಯುವ 57 ಕೀಟನಾಶಕಗಳನ್ನು ಒಂದೇ ಆಜ್ಞೆಯಲ್ಲಿ ನಿಷೇಧಿಸಿತು. ಹೊಡೆದಷ್ಟೂ ಕಂದು ಜಿಗಿಹುಳು ಹೆಚ್ಚುತ್ತಿದ್ದುದು ಕಣ್ಣಮುಂದಿತ್ತು. ನಿಷೇಧವೊಂದರಿಂದಲೇ ಕೆಲಸ ಆಗಲಿಲ್ಲ. 1989ರಿಂದ ರೈತರನ್ನು ಗದ್ದೆಬದುವಿನಲ್ಲೇ ಕೂರಿಸಿ, ಹುಳುಗಳನ್ನು ಬಾಟಲಿಯಲ್ಲಿ ಹಿಡಿದಿಟ್ಟು ಯಾವುದು ಯಾವುದನ್ನು ತಿನ್ನುತ್ತದೆಂದು ನೋಡಿಸುವ ಕ್ಷೇತ್ರ ಪಾಠಶಾಲೆಗಳು ಶುರುವಾದವು. ಭಾಷಣ ಕೇಳಿ ಬಿಡದ ಔಷಧವನ್ನು ರೈತರು ಬಾಟಲಿಯೊಳಗಿನ ಜೇಡವನ್ನು ನೋಡಿ ಬಿಟ್ಟರು. ನಮ್ಮ ಮಕ್ಕಳು ಶಾಲೆಯಲ್ಲಿ ಓದುವ ಆಹಾರ ಸರಪಳಿಯಲ್ಲಿ ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಇರುತ್ತವೆ. ಇವುಗಳಲ್ಲಿ ಅರ್ಧವನ್ನು ಈ ಬಡಾವಣೆಯಲ್ಲಿ ನೋಡುವುದು ಕಷ್ಟ. ಅವರೆ, ಹೇನು, ಗುಲಗಂಜಿಯ ಸರಪಳಿ ಮಾತ್ರ ಮನೆಯ ಮೇಲೆಯೇ ಇದೆ, ಒಂದು ಭೂತಗನ್ನಡಿಯ ಖರ್ಚು ಸಾಕು. ಬೆಂಗಳೂರಿನಲ್ಲಿ ತಾರಸಿ ತೋಟವನ್ನು ಚಳವಳಿಯಾಗಿ ಬೆಳೆಸಿದ ಡಾ. ಬಿ.ಎನ್. ವಿಶ್ವನಾಥ್ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಾಗಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. 2011ರಲ್ಲಿ ಆರಂಭವಾದ ‘ಊಟ ಫ್ರಮ್ ಯುವರ್ ತೋಟ’ ಮೇಳದಿಂದ ನಾವು ಬೀಜ, ಗ್ರೋ ಬ್ಯಾಗ್, ಕೋಕೋಪೀಟ್ ಮನೆಗೆ ತಂದೆವು. ಕೀಟಶಾಸ್ತ್ರವನ್ನು ಅಷ್ಟಾಗಿ ತರಲಿಲ್ಲ.

ನೋಡುವುದೆಂದರೆ ಎಲ್ಲ ಹುಳುವನ್ನೂ ಮುದ್ದು ಮಾಡುವುದು ಎಂದಲ್ಲ. ಬದನೆ, ಹಾಗಲದ ಎಲೆಯನ್ನು ಕೆರೆದು ಜಾಲರಿ ಮಾಡುವ ಎಪಿಲಾಕ್ನಾ ಕೂಡ ಗುಲಗಂಜಿಯ ಕುಲದ್ದೇ. ಮೈ ಮಿರುಗುವುದಿಲ್ಲ, ಮಾಸಿದ ಬಣ್ಣ, ಇಪ್ಪತ್ತೆಂಟು ಚುಕ್ಕೆ, ಸಣ್ಣ ರೋಮ. ಇದನ್ನು ಗುರುತಿಸಿದ ಮಗು ಹಳದಿ ಮರಿಗಳನ್ನು ಎಲೆಸಮೇತ ಕಿತ್ತು ಸೋಪಿನ ನೀರಿಗೆ ಹಾಕಲಿ, ಬೇಡ ಎನ್ನುವವರು ಯಾರು? ಕರಿಬೇವಿನ ವಿಷಯ ಬೇರೆ. ಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡು, ಆಮೇಲೆ ಹಚ್ಚಗಾಗಿ, ಮುಟ್ಟಿದರೆ ತಲೆಯಿಂದ ಕೊಂಬು ಚಾಚಿ ಘಾಟು ಬಿಡುವ ಹುಳು ಮಾರ್ಮನ್ ಇಲ್ಲವೇ ನಿಂಬೆ ಚಿಟ್ಟೆಯ ಮರಿ. ಒಗ್ಗರಣೆಗೆ ಬೇಕಾದ ಎಸಳು ಹೋಯಿತೆಂದು ಸಿಟ್ಟು ಬರುವುದು ನಿಜ. ಎಲೆ ಕಳೆದುಕೊಂಡ ಕರಿಬೇವು ಚಿಗುರುತ್ತದೆ, ಚಿಟ್ಟೆಗೆ ಈ ಬಡಾವಣೆಯಲ್ಲಿ ಬೇರೆ ಅಡುಗೆಮನೆ ಹೆಚ್ಚಿಲ್ಲ. ಸಸಿ ಗೇಣುದ್ದದ್ದಾಗಿದ್ದರೆ ಹುಳುವನ್ನು ತೆಗೆಯಿರಿ, ಎದೆಯೆತ್ತರದ ಗಿಡವಾದರೆ ಬಿಡಿ. ಎಷ್ಟು ಎಲೆ ಬಿಟ್ಟುಕೊಡಬಹುದು ಎಂಬ ಈ ಅಳತೆಯನ್ನು ಮಕ್ಕಳೊಂದಿಗೆ ಕೂತು ನಿರ್ಧರಿಸುವುದು ಯಾವ ಔಷಧದ ಚೀಟಿಯಲ್ಲೂ ಇಲ್ಲದ ಪಾಠ.

ಗಟ್ಟಿಯಾದ ಆಕ್ಷೇಪ ಒಂದಿದೆ: ವಾರ ಕಾಯುವಷ್ಟರಲ್ಲಿ ಗಿಡವೇ ಹೋದರೆ? ಬೆಳೆದ ಅವರೆ, ಅಲಸಂದೆ ಗಿಡವನ್ನು ಹೇನು ವಾರದಲ್ಲಿ ಕೊಲ್ಲುವುದಿಲ್ಲ. ತೀರಾ ಮುತ್ತಿದ ಕುಡಿಯನ್ನು ಚಿವುಟಿ ಎಸೆಯಬಹುದು, ನೀರನ್ನು ರಭಸವಾಗಿ ಚಿಮುಕಿಸಿ ಉದುರಿಸಬಹುದು; ಇವೆರಡನ್ನೂ ನಾನು ಸಿಂಪಡಣೆಯಲ್ಲಿ ಸೇರಿಸುವುದಿಲ್ಲ. ಗೊಬ್ಬರದ ಕೈ ಸ್ವಲ್ಪ ಹಿಡಿತಕ್ಕೆ ಬಂದರೂ ಅರ್ಧ ಕಾಟ ಕಡಿಮೆ. ಸಾರಜನಕ ಹೆಚ್ಚಾದ ಗಿಡದ ಮೆತ್ತನೆಯ ಚಿಗುರು ಹೇನಿಗೆ ಹಬ್ಬದೂಟ. ಎರಡೆಲೆಯ ಸಸಿಗಳಿಗೆ ಮಾತ್ರ ಈ ರಿಯಾಯಿತಿ ಇಲ್ಲ, ಅವುಗಳ ಮೇಲಿನ ಹುಳುವನ್ನು ಕಂಡ ದಿನವೇ ಒರೆಸಿ ತೆಗೆಯಬೇಕು. ಬಿಳಿನೊಣದ ವಿಷಯದಲ್ಲಂತೂ ಆಕ್ಷೇಪಕ್ಕೆ ಪೂರ್ತಿ ಬಲವಿದೆ. ಅದು ರಸ ಹೀರುವುದರಿಂದ ಆಗುವ ನಷ್ಟ ಸಣ್ಣದು, ಹರಡುವ ನಂಜುರೋಗದ್ದು ದೊಡ್ಡದು. ಟೊಮೆಟೊ ಎಲೆ ಮುಟುರು ರೋಗದ ಒಂದು ವೈರಸ್ಸಿಗೆ ವಿಜ್ಞಾನಿಗಳು ಬೆಂಗಳೂರಿನ ಹೆಸರನ್ನೇ ಇಟ್ಟಿದ್ದಾರೆ, ನಮ್ಮ ಊರಿಗೆ ಸಂದ ಇನ್ನೊಂದು ಗೌರವ. ರೋಗ ಹತ್ತಿದ ಟೊಮೆಟೊ, ಹಳದಿ ನರ ಕಾಣಿಸಿಕೊಂಡ ಬೆಂಡೆ ಮತ್ತೆ ಸರಿಹೋಗುವುದಿಲ್ಲ, ಕಾಯದೆ ಕಿತ್ತುಹಾಕಬೇಕು. ಆದರೆ ಇಲ್ಲಿ ಸೋಲುವುದು ಕಾಯುವವರು ಮಾತ್ರವಲ್ಲ, ಹೊಡೆಯುವವರೂ ಸೋಲುತ್ತಾರೆ. ಪಕ್ಕದ ಮನೆಯಿಂದ ಹಾರಿಬಂದ ಒಂದು ನೊಣ, ಔಷಧ ತಗುಲಿ ಸಾಯುವ ಮೊದಲೇ ನಂಜು ಅಂಟಿಸಿರುತ್ತದೆ. ಉಪಾಯವಿರುವುದು ಬೀಜದಲ್ಲಿ: ಎಲೆ ಮುಟುರು, ಸೊರಗು, ಅಂಗಮಾರಿ ಮೂರನ್ನೂ ತಡೆಯುವಂತೆ ಹೆಸರಘಟ್ಟದಲ್ಲಿ ರೂಪಿಸಿದ ಅರ್ಕ ರಕ್ಷಕ್ ತಳಿಯಂಥವುಗಳಲ್ಲಿ. ಹೀರೆ, ಹಾಗಲಕ್ಕೆ ಬರುವ ಹಣ್ಣುನೊಣದ್ದೂ ಇದೇ ಕಥೆ. ಮೊಟ್ಟೆ ಕಾಯಿಯೊಳಗೆ ಇರುವಾಗ ಹೊರಗೆ ಹೊಡೆದು ಏನು ಫಲ? ಮಿಡಿಯಿದ್ದಾಗಲೇ ಕಾಗದದ ಚೀಲ ತೊಡಿಸಬೇಕು, ಕೊಳೆತು ಬಿದ್ದುದನ್ನು ಅಲ್ಲೇ ಬಿಡಬಾರದು.

‘ನಾವು ಹೊಡೆಯುವುದು ಸಾವಯವ’ ಎಂಬ ಉತ್ತರವೂ ಸಿದ್ಧವಾಗಿರುತ್ತದೆ. ಸಾವಯವವಾದ ಮಾತ್ರಕ್ಕೆ ಅದು ಗುಲಗಂಜಿಯನ್ನು ಗುರುತಿಸಿ ಬಿಟ್ಟುಬಿಡುವುದಿಲ್ಲ. ಮೆಣಸಿನಕಾಯಿ-ಬೆಳ್ಳುಳ್ಳಿ ಕಷಾಯ, ಸೋಪಿನ ನೀರು ಮೆದುಮೈಯ ಮರಿಗಳೆಲ್ಲಕ್ಕೂ ಒಂದೇ. ತಂಬಾಕಿನ ಕಷಾಯ ಇನ್ನೂ ಅಪಾಯ. ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿಯುವ ಘೋರ ವಿಷ, ಮಕ್ಕಳು ಓಡಾಡುವ ಮನೆಯಲ್ಲಿ ಅದನ್ನು ಕುದಿಸುವುದೇ ತಪ್ಪು. ಜಿರಲೆಗೆಂದು ತಂದ ಸ್ಪ್ರೇಯನ್ನು ಬೆಂಡೆಗೆ ಹೊಡೆಯುವವರ ಬಗ್ಗೆ ಹೇಳುವುದೇನಿದೆ. ಅಂಗಡಿಯ ಕೀಟನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳಲ್ಲೊಂದು ಇರಲೇಬೇಕೆಂದು 1971ರ ನಿಯಮ ಹೇಳುತ್ತದೆ. ಕೆಂಪು ಅತಿ ವಿಷ. ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕೆಂಬುದೂ ಇರುತ್ತದೆ. ಹೊಲದಲ್ಲಿ ಅದನ್ನು ಪಾಲಿಸಬಹುದು. ಮನೆಯಲ್ಲಿ ಇಂದು ಎರಡು ಬೆಂಡೆ, ನಾಳೆ ನಾಲ್ಕು ಕೊಯ್ಯುವವರು, ಆಡುತ್ತಾ ಟೊಮೆಟೊ ಕಿತ್ತು ಬಾಯಿಗಿಡುವ ಮಕ್ಕಳು ಪಾಲಿಸುವುದು ಹೇಗೆ? ಬಿಹಾರದ ಮಶ್ರಕ್‌ನಲ್ಲಿ 2013ರ ಜುಲೈಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತದ್ದು ಅಡುಗೆ ಎಣ್ಣೆಗೆ ಮೊನೊಕ್ರೋಟೊಫಾಸ್ ಎಂಬ ಕೀಟನಾಶಕ ಸೇರಿದ್ದರಿಂದ. ವಿಷ ಹೊಲದಲ್ಲಿ ಇರುವುದಕ್ಕೂ ಅಡುಗೆಮನೆಯ ಹತ್ತಿರ ಇರುವುದಕ್ಕೂ ಇರುವ ಅಂತರ ಅದು.

ಐದನೆಯ ಮಹಡಿಗೆ ಗುಲಗಂಜಿ ಬರುತ್ತದೆಯೇ ಎಂಬ ಅನುಮಾನ ನ್ಯಾಯವಾದದ್ದು. ಹಾರುವ ಹುಳುಗಳು ಬರುತ್ತವೆ, ಆದರೆ ಕಾಂಕ್ರೀಟಿನ ನಡುವೆ ನಾಲ್ಕೇ ಟೊಮೆಟೊ ಕುಂಡ ಇಟ್ಟರೆ ಬಂದದ್ದು ನಿಲ್ಲುವುದಿಲ್ಲ. ಸಿರ್ಫಿಡ್ ನೊಣವಾಗಲಿ ಕಣಜವಾಗಲಿ ದೊಡ್ಡದಾದ ಮೇಲೆ ಬದುಕುವುದು ಹೂವಿನ ಮಕರಂದ, ಪರಾಗದ ಮೇಲೆ. ಎರಡು ಕುಂಡದ ಕೊತ್ತಂಬರಿ, ಸಬ್ಬಸಿಗೆ, ಸಾಸಿವೆಯನ್ನು ಕೀಳದೆ ಹೂವಿಗೆ ಬಿಟ್ಟರೆ ಅವಕ್ಕೆ ಮನೆಯಾಯಿತು. ಇದು ಹೊಸ ಶೋಧವೇನೂ ಅಲ್ಲ. ಬೆಂಗಳೂರಿನ ಸುತ್ತಲ ರಾಗಿ ಹೊಲಗಳಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆಗಳನ್ನು ಅಕ್ಕಡಿ ಸಾಲುಗಳಾಗಿ ಬಿತ್ತುತ್ತಿದ್ದುದರಲ್ಲಿ ಮನೆಗೆ ಬೇಕಾದ ಕಾಳು-ಎಣ್ಣೆಯ ಲೆಕ್ಕದ ಜೊತೆಗೆ ಈ ಅನುಕೂಲವೂ ಸೇರಿತ್ತು. ಟೊಮೆಟೊ ಕಾಯಿಕೊರಕಕ್ಕೆ ಹೆಸರಘಟ್ಟದ ಸಂಸ್ಥೆ 16 ಸಾಲಿಗೆ ಒಂದು ಸಾಲು ಚೆಂಡುಹೂ ನೆಡಲು ಹೇಳಿದ್ದೂ ಅಕ್ಕಡಿಯ ತರ್ಕದಲ್ಲೇ: ಪತಂಗ ಟೊಮೆಟೊಗಿಂತ ಚೆಂಡುಹೂವಿನ ಮೊಗ್ಗಿನಲ್ಲಿ ಮೊಟ್ಟೆಯಿಡಲು ಇಷ್ಟಪಡುತ್ತದೆ. ತಾರಸಿಗೆ ಒಂದೆರಡು ಕುಂಡ ಸಾಕು. ಸೊಳ್ಳೆಗೆಂದು ಬೀದಿಯಲ್ಲಿ ಹೊಗೆ ಬಿಡುವ ವಾರ ಮಾತ್ರ ಈ ಹುಳುಗಳೂ ಕಡಿಮೆಯಾದರೆ ಆಶ್ಚರ್ಯಪಡಬೇಡಿ.

ನೋಡಿ ಬಿಡುವ ಈ ನಿಯಮಕ್ಕೆ ಒಳಪಡದ ಕೆಲವರಿದ್ದಾರೆ, ಬೇಗ ಹೇಳಿ ಮುಗಿಸುತ್ತೇನೆ. ಮಳೆಗಾಲದಲ್ಲಿ ಕಾಂಪೌಂಡು ಹತ್ತಿ ಬರುವ ಆಫ್ರಿಕಾದ ದೈತ್ಯ ಬಸವನಹುಳು 1847ರಲ್ಲಿ ಕಲ್ಕತ್ತೆಗೆ ಬಂದಿಳಿದದ್ದು. ಇಲಿಯ ಶ್ವಾಸಕೋಶದ ಹುಳವೊಂದನ್ನು ಅದು ಹೊತ್ತಿರಬಹುದಾದ್ದರಿಂದ ಮಕ್ಕಳು ಬರಿಗೈಯಲ್ಲಿ ಮುಟ್ಟಲೇಬಾರದು. ಗ್ಲೌಸ್ ಹಾಕಿದ ದೊಡ್ಡವರು ರಾತ್ರಿ ಹೆಕ್ಕಿ ಉಪ್ಪುನೀರಿಗೆ ಹಾಕಲಿ. ನುಗ್ಗೆ ಮರದ ಬುಡದಲ್ಲಿ ಗುಂಪುಗಟ್ಟುವ ಕಂಬಳಿಹುಳುವೂ ದೂರದಿಂದ ನೋಡುವಂಥದ್ದು. ತುರಹಳ್ಳಿ ಕಾಡಿನ ಕಡೆಯಿಂದ ಮಂಗ ಬಂದರೆ ಭೂತಗನ್ನಡಿಯಿಂದ ಪ್ರಯೋಜನವಿಲ್ಲ, ಬಲೆಯೇ ಗತಿ. ಕುಂಡದ ತಟ್ಟೆಯಲ್ಲಿ ನೀರು ನಿಂತರೆ ಏಳರಿಂದ ಹತ್ತು ದಿನದಲ್ಲಿ ಡೆಂಗಿ ಸೊಳ್ಳೆ ಹಾರುತ್ತದೆ. 2024ರಲ್ಲಿ ಡೆಂಗಿಯನ್ನು ರಾಜ್ಯ ಸರ್ಕಾರ ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದನ್ನು ನೆನೆದು ವಾರಕ್ಕೊಮ್ಮೆ ತಟ್ಟೆ ಬೋರಲು ಹಾಕುವ ಕೆಲಸವನ್ನೂ ಮಕ್ಕಳ ಪಟ್ಟಿಗೇ ಸೇರಿಸಿ. ಅದೇ ವರ್ಷದ ಮಾರ್ಚಿನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು. ಅಕ್ಕಿ, ತರಕಾರಿ ತೊಳೆದ ನೀರು ಹತ್ತು ಕುಂಡಗಳಿಗೆ ಸಾಲುತ್ತದೆ, ಐವತ್ತಕ್ಕೆ ಸಾಲುವುದಿಲ್ಲ. ತೋಟದ ಅಳತೆ ಅಲ್ಲಿಗೆ ತೀರ್ಮಾನವಾದಂತೆ.

ವಾರ ಮುಗಿದರೂ ಕುಡಿಯಲ್ಲಿ ಗುಲಗಂಜಿಯೂ ಇಲ್ಲ, ಉಬ್ಬಿದ ಕಂದು ಹೇನೂ ಇಲ್ಲ, ಹೇನು ಮಾತ್ರ ಏರುತ್ತಲೇ ಇದೆ ಎಂದಾದರೆ ಹೊಡೆಯಲು ಅಡ್ಡಿಯಿಲ್ಲ. ಹೆಸರಘಟ್ಟದವರೇ ರೂಪಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನುಗಳಿವೆ. ಲೀಟರು ನೀರಿಗೆ ಸುಮಾರು 10 ಗ್ರಾಂ ಕರಗಿಸಿ, ಬೇವಿನ ಸಾರ ಬಿಸಿಲಿಗೆ ಬೇಗ ಕ್ಷಯಿಸುವುದರಿಂದ ಸಂಜೆ ಹೊತ್ತು, ಎಲೆಯ ಅಡಿಗೆ ತಾಗುವಂತೆ ಹೊಡೆಯಬೇಕು. ಎಲ್ಲ ಕುಂಡಕ್ಕೂ ಬೇಡ. ಎರಡು ಅವರೆ ಕುಂಡಗಳಿಗೆ ಸಮನಾಗಿ ಹೇನು ಹತ್ತಿದ್ದರೆ ಒಂದಕ್ಕೆ ಮಾತ್ರ ಹೊಡೆದು, ಇನ್ನೊಂದಕ್ಕೆ ಬರೀ ನೀರು ಚಿಮುಕಿಸಿ, ಎರಡರಲ್ಲೂ ಗುರುತು ಹಾಕಿದ ಕುಡಿಗಳ ಹೇನನ್ನು ಮೂರು ದಿನಕ್ಕೊಮ್ಮೆ ಮಗು ಎಣಿಸಿ ಬರೆದಿಡಲಿ. ಹೊಡೆದ ಕುಂಡ ಮೊದಲ ವಾರ ಮುಂದಿರುತ್ತದೆ, ಅದರಲ್ಲಿ ಸಂಶಯವಿಲ್ಲ. ಮೂರನೆಯ ವಾರದ ಅಂಕಿ ಮುಖ್ಯ. ಅದು ನನ್ನ ಮಾತಿಗೆ ವಿರುದ್ಧ ಬಂದರೆ ಆ ತಾರಸಿಯ ಮಟ್ಟಿಗೆ ನೋಟ್‌ಬುಕ್ಕನ್ನೇ ನಂಬಿ. ಹಗಲು ಕುಗ್ಗಿದಾಗಲೇ ಹೂ ಬಿಡುವ ನಾಟಿ ಅವರೆಯಲ್ಲಿ ಈ ಪರೀಕ್ಷೆಯನ್ನು ವರ್ಷಕ್ಕೆ ಒಮ್ಮೆ ಮಾತ್ರ ಮಾಡಲು ಸಾಧ್ಯ. ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4ಕ್ಕೆ ಹಗಲಿನ ಅಳತೆಯ ಹಂಗಿಲ್ಲ, ಏಪ್ರಿಲ್ ರಜೆಯಲ್ಲಿ ಬಿತ್ತಿದರೂ ಕಾಯಿ ಕಟ್ಟುತ್ತದೆ, ಹೇನೂ ಬರುತ್ತದೆ.